ದೊಡ್ಡಮ್ಮನ ಹಾಡಿನ ಆಲ್ಬಂ

ಶಿರಸಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಎದುರಿಗೆ ಮೊಬೈಲ್ ಅಂಗಡಿ. ಮದುವೆಯ ಕಾಲ ಬಂತೆಂದರೆ ಆ ಅಂಗಡಿಯವನು ಬಾಗಿಲು ತೆಗೆದ ಕೂಡಲೇ ಊದುಬತ್ತಿ ಹಚ್ಚಿ, ಸ್ಪೀಕರಿನಲ್ಲಿ ಒಂದು ಆಲ್ಬಂ ಹಾಕುತ್ತಾನೆ. ಮೊದಲು ಹಕ್ಕಿ ಕೂಗುತ್ತದೆ, ಆಮೇಲೆ ನೀರು ಹರಿಯುತ್ತದೆ, ಆಮೇಲೆ ಕೊಳಲು. ಕೊಳಲು ಮುಗಿಯುವುದರೊಳಗೆ ನಾನು ಹೊಲಿಗೆ ಯಂತ್ರದ ಮೋಟಾರು ಒತ್ತಿ ಹಿಡಿದಿರುತ್ತೇನೆ. ಸೂಜಿಯ ಕೆಳಗೆ ಬಟ್ಟೆ ಇಲ್ಲದಿದ್ದರೂ ಒತ್ತುತ್ತೇನೆ. ಆ ಹಾಡು ನನ್ನ ಕಿವಿಗೆ ಬೀಳಬಾರದು, ಅಷ್ಟೇ.

ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಕೇಳುತ್ತಾರೆ, "ಇದು ನಿಮ್ ಹುಲಗೋಳದ ಬದಿ ಹಾಡೇ ಅಲ್ದನೆ? ಎಷ್ಟ್ ಚಂದ ಮಾಡಿದಾರೆ!" ನನ್ನ ಬಾಯಲ್ಲಿ ಗುಂಡುಸೂಜಿ ಇರುವುದರಿಂದ ಅವರು ಬಚಾವು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನನಗೆ ಒಬ್ಬ ಗಿರಾಕಿಯೂ ಉಳಿಯುತ್ತಿರಲಿಲ್ಲ.

ಸಿಟ್ಟು ನನಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ. ಆದರೆ ಬೇರೆ ಸಿಟ್ಟುಗಳು ಊಟದ ಹೊತ್ತಿಗೆ ಇಳಿಯುತ್ತವೆ. ಇದು ಇಳಿದಿಲ್ಲ. ಯಾಕೆ ಇಳಿದಿಲ್ಲ ಎಂದು ಹೇಳಬೇಕಾದರೆ ನಮ್ಮಲ್ಲಿ ಹಾಡುವುದು ಹೇಗೆ ಎಂಬಲ್ಲಿಂದ ಶುರು ಮಾಡಬೇಕು.

ನಮ್ಮದು ಹುಲಗೋಳದ ಬೇಸಾಯದ ಮನೆ. ನಮ್ಮಲ್ಲಿ ಮದುವೆಗೆ ಭಟ್ಟರ ಮಂತ್ರ ಎಷ್ಟು ಬೇಕೋ ಹೆಂಗಸರ ಹಾಡೂ ಅಷ್ಟೇ ಬೇಕು. ಅಕ್ಕಿ ತೊಳೆಯುವುದಕ್ಕೊಂದು ಹಾಡು, ಚಪ್ಪರಕ್ಕೊಂದು, ಅರಿಶಿನ ಹಚ್ಚುವುದಕ್ಕೊಂದು, ಕೊನೆಗೆ ಹುಡುಗಿಯ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಒಪ್ಪಿಸಿ ಕೊಡುವುದಕ್ಕೊಂದು. ಹಾಡುವುದಕ್ಕೂ ಒಂದು ಕ್ರಮವಿದೆ. ಒಬ್ಬಳು ಸಾಲನ್ನು ಎತ್ತುತ್ತಾಳೆ, ಇಬ್ಬರು ಅದನ್ನೇ ಹಿಡಿಯುತ್ತಾರೆ. ಎತ್ತಿದವಳ ಸಾಲು ಮುಗಿಯುವ ಮೊದಲೇ, ಅದರ ಬಾಲದ ಮೇಲೆಯೇ, ಹಿಡಿಯುವವರ ದನಿ ಬಂದು ಕೂರಬೇಕು. ನಾವು ಹಿಡಿದಿರುವಷ್ಟು ಹೊತ್ತು ಅವಳು ಉಸಿರು ತೆಗೆದುಕೊಳ್ಳುತ್ತಾಳೆ, ಬಾಯಲ್ಲಿನ ಎಲೆಯಡಿಕೆಯ ಕವಳವನ್ನು ಆಚೆ ದವಡೆಗೆ ತಳ್ಳುತ್ತಾಳೆ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾಳೆ. ನಮ್ಮದು ಮುಗಿಯುವ ಮೊದಲು ಅವಳು ಮತ್ತೆ ಒಳಗೆ ಬಂದಿರುತ್ತಾಳೆ. ಹೀಗೆ ಹಾಡು ಎಲ್ಲೂ ಕಡಿಯುವುದಿಲ್ಲ. ಮದುವೆ ಮನೆಯಲ್ಲಿ ಹಾಡು ನಡುವೆ ಕಡಿದರೆ ಒಳ್ಳೆಯದಲ್ಲ ಎಂದು ನಮ್ಮವರ ನಂಬಿಕೆ.

ನಮ್ಮ ಕೇರಿಯಲ್ಲಿ ಎತ್ತುವವಳು ದೊಡ್ಡಮ್ಮ, ನನ್ನ ಅಪ್ಪನ ಅಣ್ಣನ ಹೆಂಡತಿ. ಹಿಡಿಯುವವರು ನಾನು ಮತ್ತು ಕೆಳಮನೆಯ ಅಕ್ಕ. ನಾನು ಮದುವೆಯಾಗಿ ಶಿರಸಿ ಪೇಟೆಗೆ ಬಂದ ಮೇಲೂ, ಊರಲ್ಲಿ ಮದುವೆ ಎಂದರೆ ಅಂಗಡಿಗೆ ಬೀಗ ಹಾಕಿ ಹೋಗುತ್ತಿದ್ದುದು ಊಟಕ್ಕಲ್ಲ, ಹಿಡಿಯುವುದಕ್ಕೆ.

ದೊಡ್ಡಮ್ಮನ ದನಿ ಇಂಪಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗದ್ದೆಯ ಆಚೆ ದಡದ ಎಮ್ಮೆಯನ್ನು ಈಚೆ ದಡದಿಂದ ಕರೆದು ರೂಢಿಯಾದ ದನಿ ಅದು. ಸ್ವಲ್ಪ ಮೂಗಿನಿಂದ, ಹೆಚ್ಚು ಗಂಟಲಿನಿಂದ ಬರುತ್ತಿತ್ತು. ಹಾಡು ಮುಂದೆ ಹೋದ ಹಾಗೆ ಅದು ಏರುತ್ತ ಹೋಗುತ್ತಿತ್ತು. ಅವಳು ಒಂದು ಕೂದಲೆಳೆಯಷ್ಟು ಮೇಲೆ ಎತ್ತಿದರೆ ನಾವು ಅಲ್ಲಿಂದಲೇ ಹಿಡಿದು ಇನ್ನೊಂದು ಎಳೆ ಮೇಲಕ್ಕೆ ಒಯ್ಯುತ್ತಿದ್ದೆವು. ಹೆಣ್ಣೊಪ್ಪಿಸುವ ಹಾಡಿನ ಕೊನೆಯ ಸಾಲಿಗೆ ಬರುವಾಗ ಮೂವರ ಕತ್ತಿನ ನರವೂ ಉಬ್ಬಿರುತ್ತಿತ್ತು. ಹುಡುಗಿ ಅಳುತ್ತಿದ್ದುದು ಅಲ್ಲೇ. ಅಲ್ಲಿಯವರೆಗೆ ಫೋಟೋದವನಿಗೆ ಹಲ್ಲು ತೋರಿಸುತ್ತಿದ್ದ ಹುಡುಗಿಯರೂ ಅಲ್ಲಿಗೆ ಬಂದಾಗ ತಾಯಿಯ ಸೆರಗು ಹಿಡಿದುಕೊಳ್ಳುತ್ತಿದ್ದರು. ನನ್ನ ಮದುವೆಯಲ್ಲಿ, ಯಾರ ಎದುರಿಗೂ ಅಳದ ನಾನೂ ಹಿಡಿದುಕೊಂಡಿದ್ದೆ.

ದೊಡ್ಡಮ್ಮನಿಗೆ ವಯಸ್ಸಾಗುತ್ತಿತ್ತು. ಅವಳ ನಂತರ ಎತ್ತಲು ಕಲಿತವರು ಊರಲ್ಲಿ ಯಾರೂ ಇಲ್ಲ. ನನಗೆ ಹಿಡಿಯಲು ಬರುತ್ತದೆ, ಎತ್ತಲು ಬರುವುದಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಗ ಎತ್ತಿ ನೋಡಿದ್ದೇನೆ, ನಾಲ್ಕು ಸಾಲಿಗೆ ದನಿ ಕುಸಿದು ಕೂತುಬಿಡುತ್ತದೆ. ಮದುವೆಗಳಲ್ಲಿ ಯಾರ‍್ಯಾರೋ ಮೊಬೈಲಿನಲ್ಲಿ ಹಿಡಿದ ತುಣುಕುಗಳಲ್ಲಿ ಬರೀ ಪಾತ್ರೆ ಸದ್ದು, ಬಡಿಸುವವರ ಕೂಗು. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ ಒಂದು. ಆ ಹೆಣ್ಣೊಪ್ಪಿಸುವ ಹಾಡು ದೊಡ್ಡಮ್ಮ ಹಾಡಿದ ಹಾಗೆಯೇ, ಮೊದಲಿಂದ ಕೊನೆಯವರೆಗೆ, ಎಲ್ಲಾದರೂ ಒಂದು ಕಡೆ ಉಳಿಯಬೇಕು. ಇದನ್ನು ನಾನು ಆಲ್ಬಂ ಮಾಡಿದವರಿಗೆ ಬಾಯಿಬಿಟ್ಟು ಹೇಳಿದ್ದೆ. ಆದ್ದರಿಂದಲೇ ಸಿಟ್ಟು.

ಆಲ್ಬಂ ಮಾಡಿದವರು ಹೆಗಡೆಕಟ್ಟಾ ಬದಿಯ ತೋಟದ ಮನೆಯವರು. ಒಂದು ಸಾಂಸ್ಕೃತಿಕ ಸಂಘಕ್ಕೆ ಅಧ್ಯಕ್ಷರು, ಎಲ್ಲರೂ ಅವರನ್ನು ಅಧ್ಯಕ್ಷರೇ ಎಂದು ಕರೆಯುತ್ತಾರೆ. ಹುಲಗೋಳದ ಒಂದು ಮದುವೆಗೆ ಊಟಕ್ಕೆ ಬಂದಿದ್ದವರು ದೊಡ್ಡಮ್ಮನ ಹಾಡು ಕೇಳಿ ಕೈಯಲ್ಲಿ ಎಲೆಯಡಿಕೆ ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಮರುವಾರ ಹೆಂಡತಿಯ ಬ್ಲೌಸ್ ಒಯ್ಯುವ ನೆಪದಲ್ಲಿ ನನ್ನ ಅಂಗಡಿಗೆ ಬಂದು, "ಇದನ್ನ ಉಳಿಸ್ಬೇಕು. ನಾವು ಉಳಿಸ್ದಿದ್ರೆ ಯಾರು ಉಳಿಸ್ತಾರೆ ಹೇಳಿ?" ಎಂದರು. ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ ಎಂದು ಈಗಲೂ ಹೇಳುತ್ತೇನೆ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ನಾನು ಹೇಳಿದೆ, "ಹಾಡಿಸಿ, ಬೇಡ ಅನ್ನೂದಿಲ್ಲ. ಆದ್ರೆ ದೊಡ್ಡಮ್ಮ ಹೆಂಗೆ ಹಾಡ್ತಾಳೋ ಹಂಗೇ ಇರ್ಬೇಕು."

"ಅಯ್ಯೋ, ಅದಕ್ಕಾಗೇ ಅಲ್ವಾ ಮಾಡೋದು!" ಎಂದರು.

ರೆಕಾರ್ಡಿಂಗ್ ಆದದ್ದು ಯಲ್ಲಾಪುರದಲ್ಲಿ. ಅಧ್ಯಕ್ಷರೇ ತಮ್ಮ ಕಾರಿನಲ್ಲಿ ನಮ್ಮ ಮೂವರನ್ನೂ ಕರೆದುಕೊಂಡು ಹೋದರು. ದಾರಿಯಲ್ಲಿ ದೊಡ್ಡಮ್ಮನಿಗೆ ವಾಂತಿಯಾದಾಗ ಅವರೇ ನೀರು ಹೊಯ್ದರು. ಸ್ಟುಡಿಯೋ ಒಂದು ಕಿರಾಣಿ ಅಂಗಡಿಯ ಮಹಡಿಯ ಮೇಲಿತ್ತು, ಗೋಡೆಗೆಲ್ಲ ಮೊಟ್ಟೆ ತಟ್ಟೆಯಂತಹ ಸ್ಪಂಜು. ದೊಡ್ಡಮ್ಮನನ್ನು ಗಾಜಿನ ಕೋಣೆಯೊಳಗೆ ಒಬ್ಬಳನ್ನೇ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ನಮ್ಮಿಬ್ಬರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. "ನಿಮ್ದು ಆಮೇಲೆ ತಗೋತೀನಿ, ಬೇರೆ ಬೇರೆ ತಗೊಂಡ್ರೆ ಕ್ಲೀನ್ ಇರ್ತದೆ," ಎಂದ ಸೌಂಡ್ ಹುಡುಗ. ಹುಡುಗ ಎನ್ನುತ್ತೇನೆ, ಅವನಿಗೂ ಇಬ್ಬರು ಮಕ್ಕಳು.

ದೊಡ್ಡಮ್ಮ ಒಂದು ಸಾಲು ಎತ್ತಿದಳು. ನಿಲ್ಲಿಸಿದಳು. ಕಾದಳು. ಗಾಜಿನ ಆಚೆ ನಮ್ಮನ್ನು ನೋಡಿದಳು.

"ಅಮ್ಮ, ನಿಲ್ಲಿಸ್ಬೇಡಿ, ಮುಂದೆ ಹೋಗಿ," ಎಂದ ಅವನು ಮೈಕಿನಲ್ಲಿ.

"ಹೋಗೂಕೆ ಅವ್ರು ಹಿಡೀಬೇಕಲ್ಲ ತಮಾ?"

"ಅವ್ರದ್ದು ಆಮೇಲೆ ಸೇರಿಸ್ತೇನೆ. ನೀವು ಹಾಡ್ಕೊಂಡ್ ಹೋಗಿ."

ಅವಳು ಇನ್ನೊಂದು ಸಾಲು ಎತ್ತಿದಳು, ಆಮೇಲೆ ಮತ್ತೊಂದು. ಅಲ್ಲಿಗೆ ಮೊದಲನೆಯ ಸಾಲೇ ತಿರುಗಿ ಬಂತು. ಮತ್ತೆ ಶುರು ಮಾಡಿದಳು, ಅರಿಶಿನದ ಹಾಡಿನ ಸಾಲು ನಡುವೆ ಹೊಕ್ಕಿತು. ಜೀವಮಾನವಿಡೀ ಹಾಡಿದ ಹಾಡು ಅವಳಿಗೆ ಬರಲಿಲ್ಲ. ನಾವು ಹಿಡಿಯುವ ಹೊತ್ತಿನಲ್ಲೇ ಅವಳಿಗೆ ಮುಂದಿನ ಸಾಲು ಸಿಗುವುದು, ಆ ಹೊತ್ತನ್ನೇ ತೆಗೆದುಬಿಟ್ಟರೆ ಅವಳೆಲ್ಲಿಗೆ ಹೋಗಬೇಕು? ಮುಖವೆಲ್ಲ ಬೆವರು. ತಲೆ ತಗ್ಗಿಸಿಕೊಂಡು ಕೂತಿದ್ದಳು.

ಅಧ್ಯಕ್ಷರು ಸೌಂಡ್ ಹುಡುಗನಿಗೆ ತಮ್ಮ ಮನೆಮಾತಿನಲ್ಲಿ ಮೆಲ್ಲಗೆ, "ಅವಕ್ಕೆ ಮರ್ತೋಯ್ದು ಕಾಣ್ತು. ವಯಸ್ಸಾತಲ, ಎಂತ ಮಾಡುಲಾಗ್ತು?" ಎಂದರು. ನನಗೆ ತಿಳಿಯುವುದಿಲ್ಲ ಎಂದುಕೊಂಡಿರಬೇಕು. ಶಿರಸಿ ಪೇಟೆಯಲ್ಲಿ ಅಂಗಡಿ ಇಟ್ಟವಳಿಗೆ ಎಲ್ಲರ ಮನೆಮಾತೂ ತಿಳಿಯುತ್ತದೆ. ನನ್ನ ಮೈಯೆಲ್ಲ ಉರಿದುಹೋಯಿತು. "ಮರ್ತಿಲ್ಲ," ಎಂದೆ, "ನಮ್ಮನ್ನ ಒಳಗೆ ಬಿಡಿ, ಆಮೇಲೆ ಹೇಳಿ." ಗಾಜಿನ ಬಾಗಿಲನ್ನು ನಾನೇ ತೆಗೆದೆ. ಅಕ್ಕ ನನ್ನ ಹಿಂದೆಯೇ ಬಂದಳು.

ಮೂವರೂ ಕೂತ ಮೇಲೆ ಅಕ್ಕಿ ತೊಳೆಯುವ ಹಾಡು, ಚಪ್ಪರದ ಹಾಡು ಎಲ್ಲ ಬಂದವು. ಹೆಣ್ಣೊಪ್ಪಿಸುವ ಹಾಡಿಗೆ ಬಂದಾಗ ದೊಡ್ಡಮ್ಮ ಮತ್ತೆ ನಿಲ್ಲಿಸಿದಳು. "ಹೆಣ್ಣಿಲ್ದೆ ಈ ಹಾಡು ಹಾಡೂಕಾಗೂದಿಲ್ಲ. ಮನೆಗೆ ಒಳ್ಳೇದಲ್ಲ."

"ಇದು ಸ್ಟುಡಿಯೋ ಅಲ್ವಾ ಅಮ್ಮ, ಮನೆ ಎಲ್ಲಿ?" ಎಂದರು ಅಧ್ಯಕ್ಷರು.

"ಸ್ಟುಡಿಯೋ ಆದ್ರೂ ಯಾರೋ ಒಬ್ರ ಜಾಗ ಅಲ್ದಾ? ಆ ತಮನಿಗೂ ಹೆಣ್ಮಕ್ಳು ಇರ್ತಾರೆ."

ಸೌಂಡ್ ಹುಡುಗನಿಗೆ ಹೆಣ್ಣು ಮಗು ಇತ್ತು. ಅವನು ತಲೆ ಕೆರೆದುಕೊಂಡ. ಕೊನೆಗೆ ದಾರಿ ಹುಡುಕಿದವಳು ದೊಡ್ಡಮ್ಮನೇ. ಕೆಳಗಿನ ಕಿರಾಣಿ ಅಂಗಡಿಯಿಂದ ಜುಟ್ಟಿರುವ ಒಂದು ತೆಂಗಿನಕಾಯಿ ತರಿಸಿದಳು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತನ್ನ ಮುಡಿಯ ಹೂ ತೆಗೆದು ಮುಡಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಟವೆಲ್ ಹಾಸಿ ಕೂರಿಸಿದಳು. "ಇದೇ ಹೆಣ್ಣು," ಎಂದಳು. ನಮಗೆ ನಗು ಬರಲಿಲ್ಲ. ಆ ಕಾಯಿಯ ಎದುರು ಕೂತು ದೊಡ್ಡಮ್ಮ ಎತ್ತಿದಳು, ನಾವು ಹಿಡಿದೆವು, ದನಿ ಏರಿತು. ಹಾಡು ಮುಗಿದಾಗ ಅಕ್ಕ ಮೂಗು ಒರೆಸಿಕೊಳ್ಳುತ್ತಿದ್ದಳು. ಸೌಂಡ್ ಹುಡುಗ ರೆಕಾರ್ಡಿಂಗ್ ನಿಲ್ಲಿಸುವ ಗುಂಡಿ ಒತ್ತುವುದನ್ನು ಮರೆತು ಕೂತಿದ್ದ.

ಒಮ್ಮೆ ಹೆಣ್ಣಾದ ಕಾಯನ್ನು ಒಡೆದು ಚಟ್ನಿ ಮಾಡುವಂತಿಲ್ಲ. ತಿರುಗಿ ಬರುವಾಗ ಬೇಡ್ತಿ ಸೇತುವೆಯ ಹತ್ತಿರ ಕಾರು ನಿಲ್ಲಿಸಿ ಅದನ್ನು ಹೊಳೆಗೆ ಬಿಟ್ಟೆವು. ಅಧ್ಯಕ್ಷರು ಅದರದ್ದೂ ಫೋಟೋ ತೆಗೆದುಕೊಂಡರು. ನಾನು ಅವತ್ತು ಬಹಳ ಖುಷಿಯಲ್ಲಿದ್ದೆ. ಬೇಕಿದ್ದದ್ದು ಸಿಕ್ಕಿತು ಎಂದುಕೊಂಡಿದ್ದೆ.

ಆಮೇಲೆ ಬಹಳ ದಿನ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ "ಎಡಿಟಿಂಗ್ ನಡೀತಾ ಇದೆ" ಎನ್ನುತ್ತಿದ್ದರು. ಮಳೆಗಾಲ ಕಳೆದು ಗದ್ದೆ ಕೊಯ್ಲಿಗೆ ಬಂದಾಗ ಆಮಂತ್ರಣ ಪತ್ರಿಕೆ ಬಂತು. ಸಿದ್ದಾಪುರದಲ್ಲಿ ಬಿಡುಗಡೆ ಸಮಾರಂಭ. ಆಲ್ಬಮ್ಮಿಗೆ ಇಟ್ಟ ಹೆಸರನ್ನು ಹೇಳಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಅದರಲ್ಲಿ ಇಂಪು, ಕಂಪು, ತಂಪು ಮೂರೂ ಇದ್ದವು. ನಡುವೆ ಒಬ್ಬ ಗಾಯಕಿಯ ಫೋಟೋ. ಸಂಗೀತ ಕಲಿತವರು, ಟಿವಿಯಲ್ಲಿ ಹಾಡಿದವರು. ಸಂಗ್ರಹ ಮತ್ತು ನಿರ್ದೇಶನ ಎಂಬಲ್ಲಿ ಅಧ್ಯಕ್ಷರ ಹೆಸರು. ಗಾಯನ ಎಂಬಲ್ಲಿ ಆ ಗಾಯಕಿಯ ಹೆಸರು. ಎಲ್ಲಕ್ಕಿಂತ ಕೆಳಗೆ, ಮುದ್ರಿಸಿದವರ ವಿಳಾಸಕ್ಕಿಂತ ಸ್ವಲ್ಪ ಮೇಲೆ, "ಸಹಕಾರ: ಹುಲಗೋಳದ ಮಹಿಳೆಯರು" ಎಂದಿತ್ತು.

ಸಹಕಾರವಂತೆ! ನಾವೇನು ಶಾಮಿಯಾನ ಕೊಟ್ಟವರೇ? ನಾನು ಆ ಪತ್ರಿಕೆ ಹಿಡಿದುಕೊಂಡು ಮುಂದಿನ ಬಸ್ಸಿಗೇ ಹುಲಗೋಳಕ್ಕೆ ಹೋದೆ. ದೊಡ್ಡಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ಮೆಣಸು ಕೇರುತ್ತಿದ್ದಳು. ಓದಿ ಹೇಳಿದೆ. ಅವಳ ಮುಖ ಅರಳಿತು. "ಹುಲಗೋಳ ಅಂತ ಹಾಕಿದಾರಲ್ಲೇ!" ಎಂದಳು. ಅಲ್ಲಿಯೇ ಕಿರುಚಬೇಕು ಎನ್ನಿಸಿತು, ಕಿರುಚಲಿಲ್ಲ. ಗಾಯಕಿ ಒಂದೋ ಎರಡೋ ಹಾಡು ಹಾಡಿರಬಹುದು, ನಮ್ಮದೂ ಇದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಸಮಾರಂಭದ ದಿನ ನಮ್ಮನ್ನು ಮೊದಲು ಮುಂದಿನ ಸಾಲಿನಲ್ಲಿ ಕೂರಿಸಿದರು. ದೊಡ್ಡಮ್ಮ ಮದುವೆಗಷ್ಟೇ ಉಡುವ ಸೀರೆ ಉಟ್ಟಿದ್ದಳು. ಗಣ್ಯರು ಬಂದ ಹಾಗೆ ಒಂದೊಂದೇ ಸಾಲು ಹಿಂದೆ ಕಳಿಸುತ್ತ ಕೊನೆಗೆ ಕಂಬದ ಮರೆಗೆ ತಂದಿಟ್ಟರು. ಭಾಷಣದ ಮೇಲೆ ಭಾಷಣ. ಬಂದವರೆಲ್ಲ ತಮ್ಮ ಅಜ್ಜಿಯನ್ನು ನೆನೆದರು. ಹೆಂಗಸರ ಹಾಡಿನ ಬಗ್ಗೆ ಹೆಂಗಸು ಒಬ್ಬಳೂ ಮಾತಾಡಲಿಲ್ಲ. ಈಗ ಸಿಡಿ ಕೇಳುವವರು ಯಾರೂ ಇಲ್ಲ, ಹಾಡೆಲ್ಲ ಮೊಬೈಲಿನಲ್ಲೇ ಬರುತ್ತದೆ. ಮೊಬೈಲನ್ನು ಬಿಡುಗಡೆ ಮಾಡಿದರೆ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ, ಅದಕ್ಕೆ ಬಾಗಿಲಿನಷ್ಟು ದೊಡ್ಡ ರಟ್ಟಿನ ಮುಖಪುಟ ಮಾಡಿಸಿ, ಅದಕ್ಕೆ ಬಂಗಾರದ ಬಣ್ಣದ ಕಾಗದ ಸುತ್ತಿದ್ದರು. ಕಾಗದ ಹರಿದಾಗ ಕಂಡದ್ದು ಆ ಗಾಯಕಿಯೇ. ಇಳಕಲ್ ಸೀರೆ ಉಟ್ಟು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಗುತ್ತಿದ್ದರು. ಇಳಕಲ್ ಸೀರೆಗೂ ನಮಗೂ ಏನು ಸಂಬಂಧ? ಕೊಡ ಹೊತ್ತುಕೊಂಡು ನಮ್ಮಲ್ಲಿ ಯಾರು ಹಾಡುತ್ತಾರೆ? ನೀರು ಹೊರುವವಳಿಗೆ ಹಾಡಲು ಉಸಿರೆಲ್ಲಿಂದ ಬರಬೇಕು?

ಆಮೇಲೆ ಹಾಡು ಹಾಕಿದರು. ಹಕ್ಕಿ ಕೂಗಿತು, ನೀರು ಹರಿಯಿತು. ಎಲ್ಲೋ ಬಾವಿಯೊಳಗಿನಿಂದ ಬಂದಂತೆ ದೊಡ್ಡಮ್ಮನ ದನಿ ಅರ್ಧ ಸಾಲು ಕೇಳಿಸಿತು. ಅಕ್ಕ ನನ್ನ ಕೈ ಹಿಡಿದಳು. ಅಷ್ಟರಲ್ಲಿ ಅದು ಕರಗಿ ಕೊಳಲು ಬಂತು, ತಬಲಾ ಬಂತು, ಗಾಯಕಿ ಹೆಣ್ಣೊಪ್ಪಿಸುವ ಹಾಡನ್ನು ಶುರು ಮಾಡಿದರು. ಮೊದಲ ಸಾಲಿನಲ್ಲಿ ದನಿ ಎಲ್ಲಿತ್ತೋ ಕೊನೆಯ ಸಾಲಿನಲ್ಲೂ ಅಲ್ಲೇ ಇತ್ತು. ಪ್ರತಿ ಅಕ್ಷರಕ್ಕೂ ಒಂದು ಬಳುಕು. ಸಾಲು ಮುಗಿದರೆ ಕೊಳಲು, ಮತ್ತೊಂದು ಸಾಲು ಮುಗಿದರೆ ಮತ್ತೆ ಕೊಳಲು. ನಮ್ಮಿಬ್ಬರ ದನಿ ಎಲ್ಲೂ ಇರಲಿಲ್ಲ. ದೊಡ್ಡಮ್ಮನದು ಆ ಅರ್ಧ ಸಾಲು, ಹಕ್ಕಿಯ ಹಾಗೆ, ನೀರಿನ ಹಾಗೆ.

ಗಾಯಕಿಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹಾಡಿ ಎಂದರು, ಹಾಡಿದರು. ದೊಡ್ಡಮ್ಮನನ್ನು ವೇದಿಕೆಗೆ ಕರೆದು "ಜನಪದದ ಜೀವಂತ ಕಣಜ" ಎಂದು ಶಾಲು ಹೊದಿಸಿದರು. ಅವಳ ಮುಂದೆ ಮೈಕು ಇಡಲಿಲ್ಲ. ಕಣಜಕ್ಕೆ ಮೈಕು ಯಾಕೆ?

ಊಟದ ಸಾಲಿನಲ್ಲಿ ಅಧ್ಯಕ್ಷರನ್ನು ಹಿಡಿದೆ. ಕೈಯಲ್ಲಿ ತಟ್ಟೆ ಇತ್ತು. "ದೊಡ್ಡಮ್ಮ ಹಾಡಿದ್ದೆಲ್ಲಿ?" ಎಂದು ಕೇಳಿದೆ.

"ಶ್ರುತಿ ನಿಲ್ಲೋದಿಲ್ಲ ನೋಡಿ," ಎಂದರು ಸಮಾಧಾನದಿಂದ. "ಒಂದ್ರಲ್ಲಿ ಶುರು ಮಾಡಿ ಎಲ್ಲೋ ಹೋಗಿ ಮುಟ್ತದೆ. ತಬಲಾ, ಕೀಬೋರ್ಡ್ ಯಾವ್ದೂ ಕೂಡೋದಿಲ್ಲ. ನಾವೂ ಬಹಳ ಪ್ರಯತ್ನ ಮಾಡಿದ್ವಿ."

"ಕೂಡ್ಸಿ ಅಂತ ನಿಮಗೆ ಹೇಳಿದವ್ರು ಯಾರು?"

"ಹಾಗೇ ಬಿಟ್ರೆ ಯಾರು ಕೇಳ್ತಾರೆ? ಒಂದೇ ಸಾಲು ಎರಡೆರಡು ಸಲ ಬರ್ತದೆ. ಈಗಿನವರಿಗೆ ಅಷ್ಟು ತಾಳ್ಮೆ ಎಲ್ಲಿದೆ? ಈಗ ನೋಡಿ, ಎಲ್ಲೆಲ್ಲಿಂದಲೋ ಫೋನ್ ಬರ್ತಾ ಇದೆ. ಹಾಡು ಉಳೀತಲ್ಲ ಮಾರಾಯ್ತಿ!"

ನನ್ನ ಬಾಯಿಂದ ಏನು ಬರುತ್ತಿತ್ತೋ ದೇವರಿಗೇ ಗೊತ್ತು. ಶಾಲು ಹೊದ್ದುಕೊಂಡೇ ನಿಂತಿದ್ದ ದೊಡ್ಡಮ್ಮ ನನ್ನ ಸೆರಗು ಜಗ್ಗಿದಳು. "ಸುಮ್ನಿರೆ. ಊಟಕ್ಕೆ ಕರೆದವ್ರ ಹತ್ರ ಯಾರಾದ್ರೂ ಜಗಳ ಮಾಡ್ತಾರಾ?" ಅಧ್ಯಕ್ಷರು ಅವಳ ತಟ್ಟೆಗೆ ತಾವೇ ಇನ್ನೊಂದು ಹೋಳಿಗೆ ಹಾಕಿಸಿದರು. ನಾನು ಸಾರನ್ನ ಕಲಸಿದ್ದನ್ನು ಹಾಗೇ ಬಿಟ್ಟು ಕೈ ತೊಳೆದೆ.

ಒಂದು ಆಸೆ ಉಳಿದಿತ್ತು. ಅವತ್ತು ಯಲ್ಲಾಪುರದಲ್ಲಿ ತೆಂಗಿನಕಾಯಿಯ ಎದುರು ಹಾಡಿದ್ದು ಇದ್ದೇ ಇರಬೇಕಲ್ಲ? ಆಲ್ಬಮ್ಮಿಗೆ ಬೇಡವಾದರೆ ಬೇಡ, ನನಗೆ ಕೊಡಲಿ. ಅಂಗಡಿಗೆ ಬೀಗ ಹಾಕಿ, ಪೆನ್‌ಡ್ರೈವ್ ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಸೌಂಡ್ ಹುಡುಗ ಕೂರಿಸಿ, ಚಹಾ ತರಿಸಿ, ಕಂಪ್ಯೂಟರಿನಲ್ಲಿ ಹುಡುಕಿದ. ಸಿಕ್ಕಿತು. ಹಾಕಿದ. ದೊಡ್ಡಮ್ಮನ ದನಿ ಒಂದು ಸಾಲು ಬಂತು. ಬಾಲ ಕತ್ತರಿಸಿತ್ತು. ಆಮೇಲೆ ಏನೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ. ಮತ್ತೆ ದೊಡ್ಡಮ್ಮನ ಸಾಲು, ಅದರ ತಲೆಯೂ ಕತ್ತರಿಸಿತ್ತು. ಮತ್ತೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗದಲ್ಲಿ ನಾನೂ ಅಕ್ಕನೂ ಇದ್ದೆವು.

"ನಿಮ್ದು ಡಿಲೀಟ್ ಆಗಿದೆ ಅಕ್ಕ," ಎಂದ. "ಅದೇ ಸಾಲು ಅಲ್ವಾ ಅಂತ. ಆ ಗಾಯಕಿಗೆ ಕಲ್ತುಕೊಳ್ಳೋಕೆ ಅಮ್ಮನದ್ದಷ್ಟೇ ಕಟ್ ಮಾಡಿ ಕಳಿಸಿ ಅಂದ್ರು ಅಧ್ಯಕ್ಷರು. ಪೂರಾ ಇದ್ದದ್ದು ಈಗ ಇಲ್ಲ. ಜಾಗ ಬೇಕಾಗಿತ್ತು." ಅವನಿಗೆ ಬೇಜಾರಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. "ಇನ್ನೊಂದ್ ಸಲ ಹಾಡ್ಸಿ ಅಕ್ಕ, ನಾನು ಸುಮ್ನೆ ಮಾಡ್ಕೊಡ್ತೇನೆ," ಎಂದ. ಚಹಾ ಕುಡಿಯದೆ ಬಂದೆ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಕಿಟಕಿ ಹಾಕು ಎಂದದ್ದಕ್ಕೆ ಅವಳ ಮೇಲೂ ಹರಿಹಾಯ್ದೆ.

ಇನ್ನೊಂದು ಸಲ ಹಾಡಿಸೋಣ ಎಂದೇ ನಾನು ಹುಲಗೋಳಕ್ಕೆ ಹೋಗಿದ್ದು. ಅಡುಗೆಮನೆಯಲ್ಲಿ ಆಲ್ಬಂ ಹಾಡುತ್ತಿತ್ತು. ದೊಡ್ಡಮ್ಮನ ಮಗ ಒಂದು ಸಣ್ಣ ಸ್ಪೀಕರು ತಂದುಕೊಟ್ಟಿದ್ದ, ಅದನ್ನು ಅವಳು ಉಪ್ಪಿನ ಭರಣಿಯ ಪಕ್ಕ ಇಟ್ಟುಕೊಂಡಿದ್ದಳು. ಕೆಸುವಿನ ದಂಟು ಹೆಚ್ಚುತ್ತ ತುಟಿ ಆಡಿಸುತ್ತಿದ್ದಳು.

"ಬ್ಯಾಡ ಮಾರಾಯ್ತಿ," ಎಂದಳು ನನ್ನ ಮಾತು ಕೇಳಿ. "ಆ ಹುಡುಗಿ ಎಷ್ಟ್ ನಯವಾಗಿ ಹಾಡ್ಯಾಳೆ ನೋಡು. ನಾವು ಹಾಡೂದು ಹಾಡಾ? ಕೂಗಿದಾಂಗೆ ಇರ್ತಿತ್ತು. ಇಷ್ಟ್ ವರ್ಷ ಯಾರೂ ಹೇಳ್ಲೇ ಇಲ್ಲ."

ಇಷ್ಟು ವರ್ಷ ಯಾರೂ ಹೇಳಲೇ ಇಲ್ಲವಂತೆ! ಅಧ್ಯಕ್ಷರು ಎದುರಿಗೆ ಇದ್ದಿದ್ದರೆ ಆ ಭರಣಿಯನ್ನೇ ಎತ್ತಿ ಎಸೆಯುತ್ತಿದ್ದೆ. ಬಾಯಿ ನೋಯುವಷ್ಟು ಹೇಳಿದೆ. ಕೂಗಿದಂತಲ್ಲ ದೊಡ್ಡಮ್ಮ, ಅದೇ ಹಾಡು, ಇದು ಹಾಡಲ್ಲ ಎಂದೆ. ಅವಳು ತಲೆಯಾಡಿಸಿದಳು. ಹಟ ಹಿಡಿದ ಮಗುವಿಗೆ ತಲೆಯಾಡಿಸುವ ಹಾಗೆ. ಊರಿನ ಮದುವೆಗಳಲ್ಲಿ ಅವಳು ಹಾಡುವುದು ಆಗಲೇ ನಿಂತಿತ್ತು. ಚಪ್ಪರ ಹಾಕುವಾಗ ಆಲ್ಬಂ, ಅರಿಶಿನಕ್ಕೆ ಆಲ್ಬಂ. ಯಾರಿಗೂ ಗಂಟಲು ನೋಯುವುದಿಲ್ಲ, ಯಾರನ್ನೂ ಕರೆಯಲು ಹೋಗಬೇಕಾಗಿಲ್ಲ. ಅಕ್ಕನಿಗೂ ಒಳಗೊಳಗೆ ಆರಾಮವೇ ಆಗಿತ್ತು ಎಂದು ಕಾಣುತ್ತದೆ.

ಆಗ ನನ್ನ ಅಣ್ಣನ ಮಗಳ ಮದುವೆ ಗೊತ್ತಾಯಿತು. ಗಂಡು ಎಕ್ಕಂಬಿಯವನು. ಬೇರೆಯವರ ಮನೆಯಲ್ಲಿ ನನ್ನ ಮಾತು ನಡೆಯಲಿಕ್ಕಿಲ್ಲ, ಇದು ನಮ್ಮ ಮನೆ. ಅಣ್ಣನಿಗೆ ಮೊದಲೇ ಹೇಳಿದೆ, ಹೆಣ್ಣೊಪ್ಪಿಸುವಾಗ ದೊಡ್ಡಮ್ಮನೇ ಹಾಡಬೇಕು ಎಂದು. ಆಗಲಿ ಎಂದ. ದೊಡ್ಡಮ್ಮನಿಗೂ ಹೇಳಿದೆ. ಅವಳು, "ನೀ ಅಷ್ಟು ಹೇಳ್ತೀಯಲ್ಲ, ಪ್ರಯತ್ನ ಮಾಡ್ತೆ," ಎಂದಳು. ನನ್ನ ಮೊಬೈಲಿನಲ್ಲಿ ಜಾಗ ಖಾಲಿ ಮಾಡಿ ಇಟ್ಟುಕೊಂಡೆ. ಹಿಡಿಯುತ್ತಲೇ ರೆಕಾರ್ಡ್ ಮಾಡುವುದು, ಪಾತ್ರೆ ತೊಳೆಯುವವರನ್ನು ಅಷ್ಟು ಹೊತ್ತು ದೂರ ಕಳಿಸುವುದು ಎಂದೆಲ್ಲ ಲೆಕ್ಕ ಹಾಕಿದ್ದೆ.

ಒಪ್ಪಿಸುವ ಹೊತ್ತು ಬಂತು. ಗಂಡಿನ ಕಡೆಯ ಹಿರಿಯರೊಬ್ಬರು, "ಹಾಡ ಹಚ್ಚರ್ರಿ, ಹೊತ್ತಾತು," ಎಂದರು. ಸೌಂಡಿನವನು ಒತ್ತಿಯೇ ಬಿಟ್ಟ. ಹಕ್ಕಿ ಕೂಗಿತು. ನಾನು ಜನರ ನಡುವೆ ನುಗ್ಗಿಕೊಂಡು ಹೋಗಿ ಸ್ಪೀಕರಿನ ವೈರು ಕಿತ್ತೆ.

"ಯಾಕ್ರಿ, ಚಲೋ ನಡದಿತ್ತಲ್ರಿ, ಯಾಕ್ ಬಂದ್ ಮಾಡಿದ್ರಿ?" ಎಂದರು ಆ ಹಿರಿಯರು.

"ಹಾಡೋರು ಇಲ್ಲೇ ಇದಾರೆ," ಎಂದೆ. ದನಿ ಬೇಕಾದದ್ದಕ್ಕಿಂತ ಜೋರಾಗಿ ಬಂತು. ಅಣ್ಣ ನೆಲ ನೋಡಿದ. ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು.

ಅವಳು ಎದ್ದು ಬಂದು ಹುಡುಗಿಯ ಎದುರು ನಿಂತಳು. ಅಕ್ಕ ನನ್ನ ಪಕ್ಕಕ್ಕೆ ಬಂದಳು. ನಾನು ಮೊಬೈಲ್ ಒತ್ತಿ ಹಿಡಿದುಕೊಂಡೆ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಕಣ್ಣು ಮುಚ್ಚಿ ಹಾಡಿದಳು. ಮೆಲ್ಲಗೆ, ಮೂಗಿನಿಂದಲ್ಲ, ಗಂಟಲಿನಿಂದಲೂ ಅಲ್ಲ, ತುಟಿಯ ಮೇಲಿಂದ. ಪ್ರತಿ ಅಕ್ಷರಕ್ಕೂ ಒಂದು ಬಳುಕು ಕೊಡಲು ಹೋಗಿ ದನಿ ನಡುಗುತ್ತಿತ್ತು. ಸಾಲು ಮುಗಿಯಲು ಬಂದಾಗ ನಾನೂ ಅಕ್ಕನೂ ಬಾಯಿ ತೆರೆದೆವು. ಅವಳು ಕಣ್ಣು ತೆರೆಯದೆಯೇ, ತಡೆಯಿರಿ ಎಂಬಂತೆ ಕೈ ಎತ್ತಿದಳು. ಆಮೇಲೆ ಸುಮ್ಮನೆ ನಿಂತಳು. ತೊಡೆಯ ಮೇಲೆ ಬೆರಳು ತಟ್ಟುತ್ತಿದ್ದಳು. ಕೊಳಲು ಮುಗಿಯುವುದನ್ನು ಕಾಯುತ್ತಿದ್ದಾಳೆ ಎಂದು ನನಗೆ ಆಗ ತಿಳಿಯಿತು.

ಕೊನೆಯ ಸಾಲಿನವರೆಗೂ ಹಾಗೇ ಹಾಡಿದಳು. ದನಿ ಒಂದೆಳೆಯೂ ಏರಲಿಲ್ಲ. ಒಂದು ಸಾಲೂ ಮರೆಯಲಿಲ್ಲ. ನಾವಿಬ್ಬರೂ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಹುಡುಗಿ ಅಳಲಿಲ್ಲ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹಾಡಿಗೆ ನಮ್ಮ ಊರಿನಲ್ಲಿ ಯಾರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿರಲಿಲ್ಲ.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಹಣೆಯಲ್ಲಿ ಬೆವರು, ಕಣ್ಣಿನಲ್ಲಿ ಹೊಳಪು. ಇಷ್ಟು ದಿನ ಉಪ್ಪಿನ ಭರಣಿಯ ಪಕ್ಕ ಕೂತು ಕಲಿತದ್ದನ್ನು ಒಪ್ಪಿಸಿದ್ದಳು.

"ಈಗ ಬಂತನೆ ಸರೀಗೆ?" ಎಂದಳು.

ನಾನು ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದೆ. ಬೈಯಬೇಕಾದವರು ಯಾರೂ ಅಲ್ಲಿರಲಿಲ್ಲ, ಇದ್ದವಳು ಅವಳೊಬ್ಬಳೇ.

"ಬಂತು ದೊಡ್ಡಮ್ಮ," ಎಂದೆ.